ವಿಯೆಟ್ನಾಮಿನಲ್ಲಿ ನಾನು ಕುಯ್ದ ಗಿಡ

ಪರದೇಶಕ್ಕೆ ಹೋಗಿಬಂದವನು ಎಂದು ನಮ್ಮೂರು ಸಂಸೆಯಲ್ಲಿ ನನ್ನನ್ನು ಹಿಡಿದು ಕೂರಿಸಿ ಕೇಳುವವರು ಈಗಲೂ ಇದ್ದಾರೆ. ವಿಮಾನದಲ್ಲಿ ಕಿವಿ ಮುಚ್ಚಿಕೊಳ್ಳುತ್ತದಂತೆ ಹೌದಾ, ಅಲ್ಲಿಯವರು ಕಪ್ಪೆ ತಿನ್ನುತ್ತಾರಂತೆ ಹೌದಾ, ಅವರ ಗಿಡ ನಮ್ಮದಕ್ಕಿಂತ ಎತ್ತರವಾ ಗಿಡ್ಡವಾ. ಕೇಳಿದ್ದಕ್ಕೆಲ್ಲ ಹೇಳುತ್ತೇನೆ. ಹೇಳದೆ ಉಳಿದದ್ದು ಒಂದು ಗಿಡದ ವಿಷಯ. ಬಾಯಲ್ಲಿ ಹೇಳಲು ಹೋದರೆ ನಡುವೆ ಯಾರಾದರೂ ಏನಾದರೂ ಅಂದುಬಿಡುತ್ತಾರೆ, ನಾನು ಸುಮ್ಮನಾಗಿಬಿಡುತ್ತೇನೆ. ಬರೆಯುವಾಗ ಯಾರೂ ಬಾಯಿ ಹಾಕುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ ಇದು, ತಪ್ಪಿದ್ದರೆ ತಿದ್ದಿಕೊಳ್ಳಿ. ಗಿಡದ ಬಗ್ಗೆ ಬರೆದದ್ದನ್ನು ಮಾತ್ರ ತಿದ್ದಬೇಡಿ. ಅದು ನನಗೆ ಗೊತ್ತಿರುವ ವಿದ್ಯೆ.

ಸಂಸೆ, ಹೊರಡುವ ಮುಂಚೆ

ನನ್ನದು ಬೋರರ್ ಮೇಸ್ತ್ರಿ ಕೆಲಸ. ಕಾಫಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೋರರ್ ಎಂದರೆ ಅರೇಬಿಕಾ ಜಾತಿಯ ಕಾಫಿ ಗಿಡದ ಕಾಂಡ ಕೊರೆಯುವ ಹುಳ. ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೆ ಸುರಂಗ ಹೊಡೆಯುತ್ತದೆ. ಹೊರಗೆ ಕಾಣುವುದು ಕಾಂಡ ಸುತ್ತಿಕೊಂಡ ಒಂದು ಉಬ್ಬು ಗೆರೆ, ಮೇಲೆ ಹಳದಿಯಾದ ಎಲೆ, ಅಷ್ಟೇ. ಒಳಗೆ ಹೊಕ್ಕ ಮೇಲೆ ಅದಕ್ಕೆ ಔಷಧಿ ಇಲ್ಲ. ಹುಳ ರೆಕ್ಕೆ ಬಂದು ಹಾರುವುದಕ್ಕೆ ಮುಂಚೆ ಗಿಡ ಕಿತ್ತು ಸುಡಬೇಕು. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಆಳುಗಳನ್ನು ಕಟ್ಟಿಕೊಂಡು ಸಾಲು ಸಾಲಾಗಿ ಒಂದೊಂದೇ ಗಿಡ ನೋಡುತ್ತ ಹೋಗುವುದು ನನ್ನ ಕೆಲಸ. ಉಪೇಂದ್ರ ಗೌಡರ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷ ಮಾಡಿದ್ದೇನೆ. ನಾನು ಬೆರಳಿಟ್ಟ ಗಿಡವನ್ನು ಸೀಳಿದರೆ ಒಳಗೆ ಹುಳ ಇಲ್ಲ ಅಂತ ಆದದ್ದಿಲ್ಲ. ಹೀಗಂತ ಹೇಳಿಕೊಂಡು ತಿರುಗುತ್ತಿದ್ದೆ ಕೂಡ.

ನಮ್ಮ ಕಡೆ ಒಂದು ಕಟ್ಟಳೆ ಉಂಟು. ಬೋರರ್ ನೋಡುವ ದಿನಗಳಲ್ಲಿ ಬೇಲಿ ಲೆಕ್ಕಕ್ಕಿಲ್ಲ. ಪಕ್ಕದವರ ತೋಟದಲ್ಲಿ ಕಂಡರೂ ಕಿತ್ತು ಹಾಕಬಹುದು, ಆಮೇಲೆ ಹೇಳಿದರಾಯಿತು. ಹುಳಕ್ಕೆ ಬೇಲಿ ಕಾಣುವುದಿಲ್ಲವಲ್ಲ. ಕಿತ್ತವನಿಗೆ ತೋಟದವರು ಒಂದು ಲೋಟ ಕಾಫಿ ಕೊಡುತ್ತಾರೆ. ಯಾರೂ ಜಗಳ ಆಡಿದ್ದಿಲ್ಲ.

ಹೊರಡುವ ಹೊತ್ತಿಗೆ ನನ್ನ ಹೆಂಡತಿ ಲಲಿತ ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲೆಯೇ ನಾನು ಕಳಸದಲ್ಲಿ ಅನಂತಯ್ಯ ಮೇಷ್ಟ್ರ ಪಾಠಕ್ಕೆ ಹೋಗಲು ಶುರು ಮಾಡಿದ್ದು. ಅವರು ರಿಟೈರ್ ಆದ ಹೈಸ್ಕೂಲು ಮೇಷ್ಟ್ರು. ಶನಿವಾರ ಸಂಜೆ ತಮ್ಮ ಮನೆಯ ಜಗಲಿಯಲ್ಲಿ ಅದ್ವೈತ ಹೇಳುತ್ತಿದ್ದರು. ಕೇಳುವವರು ನಾಲ್ಕೈದು ಜನ, ಎಲ್ಲರೂ ಓದಿದವರು. ನಾನು ಕಂಬಕ್ಕೆ ಒರಗಿ ಕೂರುತ್ತಿದ್ದೆ. ಇರುವುದು ಒಂದೇ, ಎರಡನೆಯದು ಇಲ್ಲ. ಮಬ್ಬಿನಲ್ಲಿ ಹಗ್ಗ ಬಿದ್ದಿರುತ್ತದೆ, ಹಾವೆಂದು ಹೆದರುತ್ತೀರಿ, ದೀಪ ತಂದರೆ ಹಾವು ಹೋಯಿತು. ಹೋಗುವುದೇನು ಬಂತು, ಅದು ಇರಲೇ ಇಲ್ಲ. ಜಗತ್ತೂ ಹಾಗೆ, ಸಾವೂ ಹಾಗೆ. ಕೇಳುವಾಗ ತಲೆ ಆಡುತ್ತಿತ್ತು. ಸಂಸೆಗೆ ವಾಪಸು ಬಸ್ಸು ಹತ್ತಿದ ಮೇಲೆ ಎಲ್ಲ ಕಲಸಿಹೋಗುತ್ತಿತ್ತು.

ಒಂದು ಸಲ ಧೈರ್ಯ ಮಾಡಿ ಕೇಳಿದೆ. "ಮೇಷ್ಟ್ರೇ, ಹಾಗಾದ್ರೆ ಲಲಿತ ಎಲ್ಲಿಗೆ ಹೋದ್ಲು?"

"ಗಡಿಗೆ ಒಡೆದರೆ ಒಳಗಿದ್ದ ಆಕಾಶ ಎಲ್ಲಿಗೆ ಹೋಗುತ್ತೆ ತಿಮ್ಮಪ್ಪ? ಎಲ್ಲೂ ಹೋಗೋದಿಲ್ಲ."

"ನಂಗೆ ಬೇಕಿದ್ದಿದ್ದು ಆಕಾಶ ಅಲ್ಲ ಮೇಷ್ಟ್ರೇ. ಗಡಿಗೆ."

ಓದಿದವರು ನಕ್ಕರು. ಮೇಷ್ಟ್ರು ನಗಲಿಲ್ಲ. "ಈ ದುಃಖ ಯಾರಿಗೆ ಅಂತ ಕೇಳ್ಕೋ" ಎಂದರು. ಅದು ಅವರು ಯಾವಾಗಲೂ ಹೇಳುವ ಮಾತು. ತಲೆನೋವು ಎಂದರೂ ಯಾರಿಗೆ, ಬೇಜಾರು ಎಂದರೂ ಯಾರಿಗೆ. ನಾನು ತೋಟದಲ್ಲಿ, ಬಚ್ಚಲಲ್ಲಿ, ಬಸ್ಸಿನಲ್ಲಿ ಕೇಳಿಕೊಂಡೆ. ಯಾರಿಗೆ, ಯಾರಿಗೆ. ಉತ್ತರ ಬರಲಿಲ್ಲ. ಅಭ್ಯಾಸ ಮಾತ್ರ ಬಾಯಿಗೆ ಅಂಟಿಕೊಂಡಿತು.

ಇನ್ನೊಂದು ವಿಷಯ ಇಲ್ಲಿಯೇ ಹೇಳಬೇಕು. ನಮ್ಮ ಬಚ್ಚಲ ಹಿಂದೆ ಲಲಿತ ನೆಟ್ಟ ಒಂದು ಕಾಫಿ ಗಿಡ ಇತ್ತು. ಸ್ನಾನದ ನೀರು ಕುಡಿದು ಎದೆಮಟ್ಟ ಬೆಳೆದಿತ್ತು. ಹೊರಡುವುದಕ್ಕೆ ಹಿಂದಿನ ಮಳೆಗಾಲ ಮುಗಿದಾಗ ಅದರಲ್ಲಿ ಗೆರೆ ಕಂಡೆ. ಎಲೆಯೂ ಹಳದಿ. ಊರಿನವರ ಗಿಡಕ್ಕೆಲ್ಲ ಒಂದು ದಿನದ ಗಡುವೂ ಕೊಡದ ನಾನು, ಅದು ಬಚ್ಚಲ ಸೋಪಿನ ನೀರಿಗೆ ಹೀಗಾಗಿದೆ ಎಂದುಕೊಂಡು ಬಿಟ್ಟೆ. ನನ್ನ ಗುಂಪಿನಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿದ್ದ ಗಿರಿಜಕ್ಕ ನೀರು ಕುಡಿಯಲು ಬಂದಾಗಲೆಲ್ಲ ಅದನ್ನು ನೋಡುತ್ತಿದ್ದಳು.

"ಮೇಸ್ತ್ರಿ ಮನೆ ಗಿಡಕ್ಕೆ ಮಾತ್ರ ಬೋರರ್ ಹತ್ತಲ್ಲ ಅಂತ ಕಾಣ್ಸುತ್ತೆ."

"ನೀರು ಕುಡಿದಾಯ್ತಲ್ಲ, ಹೊರಡು."

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷ ಆಗಿತ್ತು. ಕಾಫಿಗೆ ಕೆಟ್ಟ ಕಾಲ, ವಿಯೆಟ್ನಾಮಿನ ಅಗ್ಗದ ಕಾಫಿಯಿಂದ ನಮ್ಮದರ ಬೆಲೆ ಬಿದ್ದಿತ್ತು. ಎಲ್ಲರ ಬಾಯಲ್ಲೂ ವಿಯೆಟ್ನಾಮ್ ವಿಯೆಟ್ನಾಮ್. ಅಲ್ಲಿಯವರು ಹೇಗೆ ಬೆಳೆಯುತ್ತಾರೆ ಎಂದು ನೋಡಿ ಬರಲು ಗೌಡರು ಹೊರಟರು. ಜೊತೆಗೆ ಹೋಗಬೇಕಿದ್ದ ಅವರ ಭಾವ ಬರುವುದಿಲ್ಲ ಅಂದದ್ದಕ್ಕೆ ನನ್ನನ್ನು ಕರೆದರು.

"ನಂಗೆ ಗಿಡ ನೋಡಿ ಎಂತ ಗೊತ್ತಾಗುತ್ತೆ ಮಾರಾಯ. ನೀ ಬಾ."

"ಬರ್ತೀನಿ ಗೌಡ್ರೇ. ಬ್ಯಾಗ್ ಹೊರೋಕೆ ಅಂತಾದ್ರೆ ಬೇರೆಯವ್ರನ್ನ ನೋಡ್ಕೊಳ್ಳಿ."

"ನಿನ್ನ ಬ್ಯಾಗನ್ನೂ ನಾನೇ ಹೊರ್ತೀನಿ, ಆಯ್ತಾ?"

ಸಿಂಗಾಪುರದಲ್ಲಿ ವಿಮಾನ ಬದಲಿಸುವಾಗ ಅವರ ಮಂಡಿ ಹಿಡಿದುಕೊಂಡಿತು. ಎರಡೂ ಬ್ಯಾಗು ನಾನೇ ಹೊತ್ತೆ.

ಸೈಗಾನ್

ಊರಿಗೆ ಹೆಸರು ಬದಲಾಗಿದ್ದರೂ ಜನ ಸೈಗಾನ್ ಎಂದೇ ಕರೆಯುತ್ತಾರೆ. ಕಾಲಿಟ್ಟರೆ ಬೈಕುಗಳು. ಮಳೆಗಾಲದಲ್ಲಿ ಭದ್ರಾ ಹೊಳೆ ಬಂದ ಹಾಗೆ ಬೈಕುಗಳು ಬರುತ್ತವೆ, ನಡುವೆ ಕಡಿಯುವುದೇ ಇಲ್ಲ. ಒಂದು ಬೈಕಿನ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಹಂದಿ. ಹಂದಿ ಮಾತ್ರ ಆರಾಮಾಗಿ ಮಲಗಿತ್ತು.

ನಮ್ಮನ್ನು ತಿರುಗಿಸಲು ತುವಾನ್ ಎಂಬವರು ಸಿಕ್ಕಿದ್ದರು. ಐವತ್ತರ ಹತ್ತಿರದ ಮನುಷ್ಯ, ತೆಳ್ಳಗೆ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಗೌಡರು ನನಗೆ ಕನ್ನಡದಲ್ಲಿ ಹೇಳಬೇಕು. ರಸ್ತೆ ದಾಟುವುದು ಹೇಗೆ ಎಂದು ಅವರೇ ಕಲಿಸಿದರು. ಓಡಬಾರದು, ನಿಲ್ಲಬಾರದು, ನಿಧಾನ ನಡೆಯುತ್ತಿರಬೇಕು, ಬೈಕುಗಳು ತಾವೇ ಸುತ್ತಿಕೊಂಡು ಹೋಗುತ್ತವೆ.

ನನಗೆ ಮೇಷ್ಟ್ರ ನೆನಪಾಯಿತು. ನಡೆಯುವುದು ದೇಹ, ನೀನು ಬರೀ ನೋಡುವವನು ಎಂದು ಅವರು ಹೇಳುತ್ತಿದ್ದರು. ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ ಎಂದು, ನಾನು ನೋಡುವವನು, ನಾನು ನೋಡುವವನು ಎಂದುಕೊಂಡು ಇಳಿದೆ. ಅರ್ಧ ರಸ್ತೆಯವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಒಂದು ಬೈಕಿನ ಕನ್ನಡಿ ಮೊಣಕೈಗೆ ಬಡಿಯಿತು. ನೋಡುವವನು "ಅಯ್ಯಪ್ಪಾ" ಅಂದ. ಆಚೆ ದಡದಲ್ಲಿ ಗೌಡರು ಕೇಳಿದರು, "ಪೆಟ್ಟಾಯ್ತಾ?" ಯಾರಿಗೆ ಎನ್ನಬೇಕೆಂದು ಬಾಯಿಗೆ ಬಂತು. ಊದಿಕೊಂಡ ಮೊಣಕೈ ತಿಕ್ಕಿಕೊಂಡೆ.

ಅಲ್ಲಿ ಕಾಫಿ ಕುಡಿಯುವ ರೀತಿಯೇ ಬೇರೆ. ರಸ್ತೆ ಬದಿಯಲ್ಲಿ ನಮ್ಮ ಹಾಲು ಕರೆಯುವ ಮಣೆಯಷ್ಟು ಗಿಡ್ಡ ಸ್ಟೂಲು. ಲೋಟದ ಮೇಲೆ ತಗಡಿನ ಒಂದು ಬಟ್ಟಲು, ಅದರಿಂದ ಒಂದೊಂದೇ ಹನಿ ಕೆಳಗೆ. ಇಳಿದು ಮುಗಿಯುವವರೆಗೆ ಯಾರೂ ಮಾತಾಡುವುದಿಲ್ಲ, ಹನಿಯನ್ನೇ ನೋಡುತ್ತ ಕೂರುತ್ತಾರೆ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಎರಡು ಲೋಟ ಕುಡಿದು ಮೂರು ಮನೆಯ ಸುದ್ದಿ ಮುಗಿಸಿರುತ್ತಾರೆ. ಗೌಡರಿಗೆ ತಡೆಯಲಾಗದೆ ಪ್ರತಿ ಸಂಜೆ ಊರಿಗೆ ಫೋನು ಮಾಡುತ್ತಿದ್ದರು. ಹೂಮಳೆ ಬರುವ ಕಾಲ, ಹೂವರಳಲು ಬೇಕಾದ ಆ ಒಂದು ಮಳೆಗೆ ಕಾಯುವ ದಿನಗಳು. "ಎಷ್ಟು ಇಂಚು?" ಎಂದು ಕೇಳುವುದು, "ಮೂಡಿಗೆರೇಲಿ? ನಮ್ಮಲ್ಲಿ ಎಂತದೂ ಇಲ್ವಾ?" ಎಂದು ಮುಖ ಸಣ್ಣ ಮಾಡಿಕೊಂಡು ಇಡುವುದು.

ಗುಡ್ಡದ ಮೇಲಿನ ಮನೆ

ದಾಲಾತ್ ಎಂಬ ಗುಡ್ಡದ ಊರಿನ ಕಡೆ ಬಸ್ಸು ಹತ್ತಿ ಮೇಲೆ ಹೋದ ಹಾಗೆ ಗಾಳಿ ತಣ್ಣಗಾಯಿತು. ಆಲ್ದೂರು ದಾಟಿದ ಮೇಲೆ ಬರುವ ಗಾಳಿಯೇ. ತಿರುವುಗಳೂ ಹಾಗೆಯೇ. ಕಣ್ಣು ಮುಚ್ಚಿಕೊಂಡರೆ ಬಾಳೆಹೊನ್ನೂರಿಗೆ ಹೊರಟ ಹಾಗೆ. ಎಲ್ಲ ಒಂದೇ ಎಂದು ಮೇಷ್ಟ್ರು ಹೇಳುವುದು ಇದನ್ನೇ ಇರಬೇಕು ಎಂದು ಸ್ವಲ್ಪ ಹೊತ್ತು ಸಮಾಧಾನವಾಯಿತು. ಕಣ್ಣು ಬಿಟ್ಟರೆ ಗುಡ್ಡದಲ್ಲಿ ನೆರಳಿಗೆ ಒಂದು ಮರವಿಲ್ಲ, ಕಾಫಿ ಗಿಡಗಳು ಬೋಳು ಬಿಸಿಲಲ್ಲಿ ನಿಂತಿದ್ದವು. ನಮ್ಮಲ್ಲಿ ಆಳುಗಳನ್ನೂ ಹಾಗೆ ನಿಲ್ಲಿಸುವುದಿಲ್ಲ.

ನಾವು ಉಳಿದದ್ದು ತುವಾನ್ ಅವರಿಗೆ ಗುರುತಿದ್ದ ಒಂದು ಮನೆಯಲ್ಲಿ. ಎಪ್ಪತ್ತು ದಾಟಿದ ಅಜ್ಜಿ, ಅವರ ಮಗಳು ಲಿನ್, ಇಬ್ಬರೇ. ಸಣ್ಣ ತೋಟ, ಅರೇಬಿಕಾ. ಕೆಲಸ ಎಲ್ಲ ಲಿನ್ ಮಾಡುತ್ತಾಳೆ, ಗಂಡಸಿನ ಹಾಗೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವುದು ನಮ್ಮ ಹಾಗೆಯೇ. ಗೋಡೆಯಲ್ಲಿ ಎತ್ತರಕ್ಕೆ ಒಂದು ಮಣೆ, ಅದರ ಮೇಲೆ ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗನ ಫೋಟೋ, ಊದುಬತ್ತಿ. ಅಜ್ಜಿ ಕಾಫಿ ಇಳಿಸಿ ಮೊದಲ ಲೋಟ ಅಲ್ಲಿಟ್ಟರು. ನಮ್ಮ ಕಾಫಿ ಬೇರೆ ಡಬ್ಬಿಯದು.

"ಮಗನಂತೆ" ಎಂದು ಗೌಡರು ಹೇಳಿದರು. "ಯುದ್ಧಕ್ಕೆ ಹೋದೋನು ಬರ್ಲಿಲ್ಲಂತೆ. ಹೆಣಾನೂ ಸಿಗ್ಲಿಲ್ಲಂತೆ. ಮೂವತ್ತು ವರ್ಷ ಆಯ್ತು, ದಿನಾ ಕಾಫಿ ಇಡ್ತಾರಂತೆ."

ನಾವು ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ. ದಿನಾ ಇಡುವುದು ನೋಡಿ ಅಜ್ಜಿಯ ಮೇಲೆ ಗೌರವ ಬಂತು. ಎರಡು ಡಬ್ಬಿ ಯಾಕೆ ಎಂದು ಮಾತ್ರ ಕೇಳಲಿಲ್ಲ. ಕೇಳಬೇಕಿತ್ತು.

ಆ ಮಧ್ಯಾಹ್ನ ತೋಟ ಸುತ್ತುವಾಗ ಮೂರು ಗಿಡದಲ್ಲಿ ಬೋರರ್ ತೋರಿಸಿದೆ. ಲಿನ್ ನಂಬಲಿಲ್ಲ. ಒಂದನ್ನು ಕಿತ್ತು ಸೀಳಿದರೆ ಒಳಗೆ ಹುಳ ಬೆಳ್ಳಗೆ ಮಲಗಿತ್ತು. ಉಳಿದ ಎರಡನ್ನು ಅವಳು ಮಾತಿಲ್ಲದೆ ತಾನೇ ಕಿತ್ತಳು. ನನ್ನ ಕಣ್ಣು ತೋರಿಸಿ ಏನೋ ಅಂದಳು. ಡಾಕ್ಟರ ಕಣ್ಣು ಎಂದಳಂತೆ. ಆ ಮಾತು ತಲೆಗೇರಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮಾರನೇ ಬೆಳಿಗ್ಗೆ

ನನಗೆ ಐದಕ್ಕೆ ಎಚ್ಚರ, ಎಲ್ಲೇ ಇದ್ದರೂ. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಗೌಡರು ಗೊರಕೆ ಹೊಡೆಯುತ್ತಿದ್ದರು. ಅಂಗಳಕ್ಕೆ ಬಂದು ಮುಖ ತೊಳೆದೆ. ಅಂಗಳದ ಮೂಲೆಯಲ್ಲಿ, ನೀರಿನ ತೊಟ್ಟಿಯ ಪಕ್ಕ, ಒಂದು ಹಳೆಯ ಗಿಡ ಒಂಟಿಯಾಗಿ ನಿಂತಿತ್ತು. ತುದಿ ಎಲೆಗಳು ಹಳದಿ. ಬಗ್ಗಿ ನೋಡಿದೆ. ಮೊಣಕಾಲು ಎತ್ತರದಲ್ಲಿ ಕಾಂಡ ಸುತ್ತಿಕೊಂಡು ಗೆರೆ ಉಬ್ಬಿತ್ತು. ಬೆರಳಾಡಿಸಿದೆ. ಇಪ್ಪತ್ತೆಂಟು ವರ್ಷ ಮುಟ್ಟಿದ ಅದೇ ಗೆರೆ.

ನೀವು ಕೇಳಬಹುದು, ಬೇರೆಯವರ ಅಂಗಳದ ಗಿಡಕ್ಕೆ ಹೇಳದೆ ಕೇಳದೆ ಯಾಕೆ ಕೈ ಹಾಕಿದೆ ಎಂದು. ಕಟ್ಟಳೆ ಹೇಳಿದೆನಲ್ಲ. ಬೇಲಿ ಲೆಕ್ಕಕ್ಕಿಲ್ಲ. ಹೆಂಗಸರಿಬ್ಬರ ತೋಟ, ಅವರು ಏಳುವಷ್ಟರಲ್ಲಿ ಉಪಕಾರ ಒಂದು ಆಗಿರಲಿ, ಸೀಳಿ ಹುಳವನ್ನು ಎಲೆಯ ಮೇಲಿಟ್ಟು ತೋರಿಸಿದರೆ ಅಜ್ಜಿ ಕಾಫಿ ಕೊಡುತ್ತಾರೆ. ಅಷ್ಟೇ ಯೋಚನೆ ಮಾಡಿದ್ದು.

ಅಷ್ಟು ಹಳೆಯ ಗಿಡ ಒಬ್ಬನ ಕೈಯಲ್ಲಿ ಕೀಳಲು ಬರುವುದಿಲ್ಲ, ಗೋಡೆಗೆ ಗರಗಸ ನೇತು ಹಾಕಿತ್ತು. ಗೆರೆಯ ಕೆಳಗೆ, ನೆಲದಿಂದ ಒಂದು ಗೇಣು ಬಿಟ್ಟು ಕುಯ್ದೆ. ಹಳೆಯ ಮರ, ಗಟ್ಟಿ. ಬೆವರು ಬಂತು. ಬಿದ್ದ ಮೇಲೆ ಬುಡ ನೋಡಿದೆ. ಕುಯ್ದ ಜಾಗ ಬೆಳ್ಳಗೆ, ನುಣ್ಣಗೆ ಇತ್ತು. ಸುರಂಗ ಇಲ್ಲ, ಹುಡಿ ಇಲ್ಲ. ಹುಳ ಮೇಲೆ ಉಳಿದಿರಬೇಕು ಎಂದು ಕತ್ತಿ ತಂದು ಆ ಗೆರೆಯನ್ನೇ ಸೀಳಿದೆ. ಒಳಗೆ ಏನೋ ಕಂಡಿತು. ಉಗುರಲ್ಲಿ ಎಳೆದೆ. ಬಂತು, ಬರುತ್ತಲೇ ಹೋಯಿತು.

ಹಗ್ಗ. ಮಿಲಿಟರಿಯವರು ಬಳಸುವಂಥ ಹಸಿರು ನೈಲಾನ್ ಹಗ್ಗ. ಗಿಡ ಸಣ್ಣದಿದ್ದಾಗ ಯಾರೋ ಆಸರೆ ಕೋಲಿಗೆ ಕಟ್ಟಿದ್ದು, ಬಿಚ್ಚದೆ ಬಿಟ್ಟದ್ದು. ಗಿಡ ದಪ್ಪವಾಗುತ್ತ ಅದನ್ನು ನುಂಗಿಕೊಂಡು ಬೆಳೆದಿತ್ತು.

ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಹಿಂದೆ ಕೊಡ ಇಟ್ಟ ಸದ್ದಾಯಿತು. ಅಜ್ಜಿ ನೀರಿಗೆ ಬಂದಿದ್ದರು. ಕೂಗುತ್ತಾರೆ ಎಂದುಕೊಂಡೆ. ಕೂಗಲಿಲ್ಲ. ಬಂದು ನೆಲದ ಮೇಲೆ ಕೂತರು, ಬಿದ್ದ ಗಿಡದ ಎಲೆಗಳನ್ನು ಸರಿ ಮಾಡಿದರು, ಮಲಗಿದವರಿಗೆ ಹೊದಿಕೆ ಸರಿ ಮಾಡುವ ಹಾಗೆ. ಆಮೇಲೆ ಕೈ ಚಾಚಿದರು. ಹಗ್ಗ ಕೊಟ್ಟೆ.

ಲಿನ್ ಬಂದಳು, ಕೂಗಿದ್ದು ಅವಳು. ಗೌಡರು ಲುಂಗಿ ಕಟ್ಟಿಕೊಳ್ಳುತ್ತ ಓಡಿ ಬಂದರು.

"ಎಂತ ಮಾಡ್ದೆ ಮಾರಾಯ?"

"ಬೋರರ್ ಅಂದ್ಕೊಂಡೆ ಗೌಡ್ರೇ."

"ಇತ್ತಾ?"

"ಇಲ್ಲ."

ಅವರು ಅಲ್ಲಿಯೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

ಅದೇ ದಿನ, ಬಿಸಿಲೇರಿದ ಮೇಲೆ

ರಾತ್ರಿ ಬೇರೆ ಕಡೆ ಉಳಿದಿದ್ದ ತುವಾನ್ ಬಂದ ಮೇಲೆ ವಿಷಯ ತಿಳಿಯಿತು. ಗಿಡ ನೆಟ್ಟವನು ಫೋಟೋದಲ್ಲಿರುವ ಮಗ. ಕೊನೆಯ ಸಲ ರಜೆಯಲ್ಲಿ ಬಂದವನು ಒಂದು ಸಸಿ ನೆಟ್ಟು, ಗಾಳಿಗೆ ಬೀಳದಿರಲಿ ಎಂದು ತನ್ನ ಚೀಲದ ಹಗ್ಗ ಬಿಚ್ಚಿ ಕಟ್ಟಿ ಹೋದ. ಅವನದು ಎಂದು ಮನೆಯಲ್ಲಿ ಉಳಿದದ್ದು ಅದೊಂದೇ. ಆ ಗಿಡದ ಹಣ್ಣನ್ನು ಅಜ್ಜಿ ಬೇರೆಯಾಗಿ ಕೊಯ್ದು, ಬೇರೆಯಾಗಿ ಹುರಿದು, ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು. ದಿನಾ ಅವನಿಗೆ ಇಡುತ್ತಿದ್ದದ್ದು ಆ ಕಾಫಿ.

ಅಜ್ಜಿ ಹೇಳಿದ್ದನ್ನು ತುವಾನ್ ಇಂಗ್ಲಿಷಿಗೆ, ಗೌಡರು ಕನ್ನಡಕ್ಕೆ. ಅವರ ಮಾತು ನನ್ನವರೆಗೆ ಬರುವಷ್ಟರಲ್ಲಿ ಅಜ್ಜಿ ಬೇರೆ ಕಡೆ ನೋಡುತ್ತಿರುತ್ತಿದ್ದರು. ಯಾರ ಮುಖ ನೋಡಿ ತಲೆ ತಗ್ಗಿಸಬೇಕು ಎಂದೇ ತಿಳಿಯುತ್ತಿರಲಿಲ್ಲ.

ಕ್ಷಮೆ ಕೇಳಿದೆ. ಕೂತು ಅಳುವುದಕ್ಕಿಂತ ಕೆಲಸ ಮಾಡುವುದು ನನಗೆ ಗೊತ್ತು. ಬೇರು ಇನ್ನೂ ನೆಲದಲ್ಲಿತ್ತು, ಒಂದು ಗೇಣು ಬುಡವಿತ್ತು. ನಮ್ಮಲ್ಲಿ ಹಳೆಯ ಗಿಡ ಹೊಸದಾಗಲಿ ಎಂದು ಬೇಕೆಂದೇ ಹೀಗೆ ಕುಯ್ಯುವುದುಂಟು, ಬುಡದಿಂದ ಚಿಗುರು ಬರುತ್ತದೆ. ಸೆಗಣಿ ಮಣ್ಣು ಕಲಸಿ ಕುಯ್ದ ಗಾಯಕ್ಕೆ ಮೆತ್ತಿದೆ. ಬುಡಕ್ಕೆ ಒಣ ಹುಲ್ಲು ಹಾಸಿದೆ, ಕಡ್ಡಿ ನೆಟ್ಟು ನೆರಳು ಕಟ್ಟಿದೆ. ಚಿಗುರು ಬಂದರೆ ಎರಡು ಉಳಿಸಿ ಉಳಿದದ್ದು ಮುರಿ ಎಂದು ಲಿನ್‌ಗೆ ಎರಡು ಬೆರಳು ತೋರಿಸಿ ಹೇಳಿಕೊಟ್ಟೆ. ಅವಳು ಬೆರಳು ನೋಡಿದಳು, ನನ್ನನ್ನು ನೋಡಲಿಲ್ಲ.

ಅಜ್ಜಿ ಅಲ್ಲಿಯೇ ನಿಂತು ಎಲ್ಲ ನೋಡಿ ಒಂದು ಮಾತು ಕೇಳಿದರು.

"ಬರುತ್ತಾ ಅಂತ ಕೇಳ್ತಿದ್ದಾರೆ" ಎಂದರು ಗೌಡರು.

"ಹಳೇ ಗಿಡ. ಬಂದ್ರೆ ಬರಬಹುದು. ಬರದೇನೂ ಇರಬಹುದು."

"ಬರುತ್ತೆ ಅಂತ ಹೇಳ್ಬಿಡ್ಲಾ? ಪಾಪ, ಸಮಾಧಾನ ಆಗುತ್ತೆ."

"ಬೇಡ ಗೌಡ್ರೇ. ಇಲ್ಲದ್ದು ಇದೆ ಅಂತ ಒಂದ್ಸಲ ಕಂಡಿದ್ದೇ ಸಾಕು."

ಗೌಡರು ನಾನು ಹೇಳಿದ ಹಾಗೆಯೇ ಹೇಳಿರಬೇಕು. ಅಜ್ಜಿ ತಲೆಯಾಡಿಸಿದರು.

ಆ ಹೊತ್ತಿನಲ್ಲಿ ಮೇಷ್ಟ್ರ ಮಾತೆಲ್ಲ ನನ್ನ ನಾಲಿಗೆ ತುದಿಗೆ ಬಂದಿತ್ತು. ಅಜ್ಜಿ, ನಿಮ್ಮ ಮಗ ಎಲ್ಲೂ ಹೋಗಿಲ್ಲ. ಗಿಡವೂ ಹೋಗಿಲ್ಲ. ಹೋಗುವಂಥದ್ದು ಯಾವುದೂ ಇಲ್ಲ. ಹೇಳಿದ್ದರೆ ಗೌಡರು ಇಂಗ್ಲಿಷು ಮಾಡುತ್ತಿದ್ದರು, ತುವಾನ್ ಅವರ ಭಾಷೆ ಮಾಡುತ್ತಿದ್ದರು. ಆದರೆ ಅದನ್ನು ಹೇಳುವವನ ಕೈಯಲ್ಲಿ ಗರಗಸದ ಹುಡಿ ಅಂಟಿತ್ತು. ಕುಯ್ದವನು ಆಡುವ ಮಾತಲ್ಲ ಅದು. ಹಾಗಾದರೆ ಯಾರು ಆಡಬಹುದಾದ ಮಾತು? ಕಳೆದುಕೊಂಡವರು ಮಾತ್ರ ಆಡಬಹುದೇನೋ. ಲಲಿತ ಹೋದಾಗ ನಾನು ಅದನ್ನು ಆಡಿ ನೋಡಿದ್ದೆ, ನನ್ನ ಬಾಯಲ್ಲೂ ನಿಲ್ಲಲಿಲ್ಲ.

ಸಂಜೆಗೆ ಮುಂಚೆ ಅಜ್ಜಿ ಹಗ್ಗವನ್ನು ತೊಳೆದು, ಒಣಗಿಸಿ, ಸುರುಳಿ ಸುತ್ತಿ ಫೋಟೋದ ಮುಂದೆ ಇಟ್ಟರು. ಇಡುತ್ತಲೇ ನನ್ನ ಕಡೆ ತಿರುಗದೆ ಏನೋ ಹೇಳಿದರು. ಗೌಡರು ಎರಡು ಸಲ ಕೇಳಿದ ಮೇಲೆ ತುವಾನ್ ಹೇಳಿದರು. ಗೌಡರೂ ತಡೆದು ತಡೆದು ಹೇಳಿದರು.

"ನನ್ನ ಮಗನ್ನ ಹೊಡೆದೋನೂ ಹೀಗೇ, ಬೇರೆ ಏನನ್ನೋ ಕಂಡು ಹೊಡೆದಿರ್ತಾನೆ ಅಂತಿದ್ದಾರೆ."

ಬೈದದ್ದೋ, ಕ್ಷಮಿಸಿ ಬಿಟ್ಟದ್ದೋ, ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಹೊರಡುವ ಮುಂಚೆ ಅಜ್ಜಿ ಎಂದಿನ ಹಾಗೆ ಮಗನ ಕಾಫಿ ಇಳಿಸಲು ಕೂತರು. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಡಬ್ಬಿಯೊಳಗೆ ನೋಡಿದರು. ಚಮಚ ತುಂಬ ತೆಗೆದವರು ಅರ್ಧವನ್ನು ವಾಪಸು ಡಬ್ಬಿಗೆ ಹಾಕಿದರು. ಇದ್ದದ್ದು ಎಷ್ಟು ದಿನಕ್ಕೆ ಬರುತ್ತದೋ ಅಷ್ಟು ದಿನಕ್ಕೆ ಬರಲಿ ಎಂದು.

ಆ ಪ್ರಯಾಣದಲ್ಲಿ ಆಮೇಲೆ ಏನೇನು ನೋಡಿದೆ ಎಂದು ಗೌಡರನ್ನು ಕೇಳಿ. ನನಗೆ ನೆನಪಿಲ್ಲ.

ಕಳಸ, ಶನಿವಾರ

ಬಂದ ವಾರವೇ ಪಾಠಕ್ಕೆ ಹೋದೆ. ಎಲ್ಲರೂ ಎದ್ದು ಹೋಗುವವರೆಗೆ ಕಾದು ಮೇಷ್ಟ್ರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಂಡರು. ಕೊನೆಗೆ ನಾನೇ ಕೇಳಿದೆ.

"ಮೇಷ್ಟ್ರೇ, ಹಾವು ಅಂತ ಕಂಡಿದ್ದು ಹಗ್ಗ. ದೀಪ ಬಂತು, ಗೊತ್ತಾಯ್ತು. ಆದ್ರೆ ದೀಪ ಬರೋಕೆ ಮುಂಚೆ ನಾನು ಹೊಡೆದಾಗಿತ್ತಲ್ಲ. ಹಾವು ಇರ್ಲೇ ಇಲ್ಲ ಅಂತೀರಿ. ಸರಿ. ಪೆಟ್ಟು ಇತ್ತಲ್ಲ? ಅದು ಎಲ್ಲಿಗೆ ಹೋಗುತ್ತೆ?"

ಯಾರಿಗೆ ಎಂದು ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ.

"ಈ ಲೋಕವ್ಯವಹಾರದಲ್ಲಿ ಎಲ್ಲಾನೂ ಇದೆ ತಿಮ್ಮಪ್ಪ. ಪೆಟ್ಟೂ ಇದೆ, ನೋವೂ ಇದೆ. ಪರಮಾರ್ಥದಲ್ಲಿ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡರು. "ಆ ಉದಾಹರಣೆ ಹಾವಿಗೆ ಹೇಳಿದ್ದು ಕಣಪ್ಪ. ಹಗ್ಗಕ್ಕೆ ಏನಾಯ್ತು ಅಂತ ನಾನೂ ಯಾವತ್ತೂ ಕೇಳ್ಕೊಂಡಿಲ್ಲ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಓದಿದವರು ನನಗೆ ಸಿಕ್ಕಿದ್ದು ಕಡಿಮೆ. ಆದರೆ ಬಸ್ಸಿನಲ್ಲಿ ಕೂತಾಗಲೂ ಆ ಪೆಟ್ಟಿನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಇಳಿಯುವ ಹೊತ್ತಿಗೆ ಮತ್ತೊಂದು ಯೋಚನೆ ಬಂತು. ಅಲ್ಲಿ ಹಗ್ಗವನ್ನು ಹುಳ ಎಂದೆ. ಇಲ್ಲಿ ಮನೆಯಲ್ಲಿ?

ಬಚ್ಚಲ ಹಿಂದೆ

ಮಾರನೇ ದಿನ ಭಾನುವಾರ. ಹುಳ ಹಾರಲು ಇನ್ನು ಹೆಚ್ಚು ದಿನ ಇರಲಿಲ್ಲ. ಗಿರಿಜಕ್ಕನನ್ನು ಬರಹೇಳಿದೆ. ಒಬ್ಬನೇ ಮಾಡಿದರೆ ಮತ್ತೆ ಸೋಪಿನ ನೀರು ಎಂದು ಹೇಳಿಕೊಂಡು ಬಿಟ್ಟುಬಿಡುತ್ತೇನೆ ಎಂಬ ಭಯ.

"ಪರದೇಶಕ್ಕೆ ಹೋಗಿ ಬಂದ್ಮೇಲೆ ಕಣ್ಣು ಕಾಣ್ಸೋಕೆ ಶುರುವಾಯ್ತಾ ಮೇಸ್ತ್ರಿ?" ಎಂದಳು. ನನ್ನ ಮುಖ ನೋಡಿ ಗುದ್ದಲಿ ತೆಗೆದುಕೊಂಡಳು.

ಗಿಡ ಸುಲಭವಾಗಿ ಬಂತು. ಕಲ್ಲಿನ ಮೇಲಿಟ್ಟು ನಾನೇ ಸೀಳಿದೆ. ಕತ್ತಿ ಹಾಕುವಾಗ ಇಲ್ಲದಿರಲಿ ಎಂದು ಬೇಡಿಕೊಂಡೆನೋ, ಇರಲಿ ಎಂದೋ, ಸತ್ಯವಾಗಿ ಗೊತ್ತಿಲ್ಲ. ಒಂದಲ್ಲ, ನಾಲ್ಕು ಸುರಂಗ. ಎರಡರಲ್ಲಿ ಹುಳ ದಪ್ಪಗೆ, ಬೆಳ್ಳಗೆ ಇತ್ತು. ಎರಡು ಖಾಲಿ. ಹೊರಗೆ ಗುಂಡು ತೂತು. ನಾನು ಸುಳ್ಳು ಹೇಳಿಕೊಂಡ ಅಷ್ಟು ದಿನಗಳಲ್ಲಿ ಅವು ಹಾರಿ ಹೋಗಿಯಾಗಿತ್ತು. ಯಾರ ತೋಟಕ್ಕೋ.

ತೂತಿಗೆ ಗಿರಿಜಕ್ಕ ಬೆರಳಿಟ್ಟು ನೋಡಿದಳು. ಒಣಗಿದ ಸೌದೆ ತಂದು ಒಟ್ಟಿದಳು.

ಹಸಿ ಕಾಂಡ ಬೇಗ ಹತ್ತಿಕೊಳ್ಳುವುದಿಲ್ಲ. ತುಂಬಾ ಹೊತ್ತು ಬರೀ ಹೊಗೆ. ಆಮೇಲೆ ಎಲೆಗಳು ಚಟಪಟ ಎಂದವು. ಲಲಿತ ತಲೆ ಒಣಗಿಸಿಕೊಳ್ಳುವಾಗ ಟವೆಲು ಹಾಕುತ್ತಿದ್ದ ಕೊಂಬೆ ಕೊನೆಗೆ ಉಳಿದಿತ್ತು. ಅದನ್ನೂ ಕೋಲಿನಿಂದ ಒಳಕ್ಕೆ ತಳ್ಳಿದೆ. ಸಮುದ್ರದಾಚೆ ಒಂದು ಬುಡ ಚಿಗುರಿತೋ ಇಲ್ಲವೋ. ಗೌಡರ ವಿಳಾಸ ಕೊಟ್ಟು ಬಂದಿದ್ದೆವು. ಎಷ್ಟೋ ಮಳೆಗಾಲ ಕಳೆದಿದೆ, ಇವತ್ತಿನವರೆಗೂ ಕಾಗದ ಬಂದಿಲ್ಲ.

ಗಿರಿಜಕ್ಕ ನನ್ನ ಪಕ್ಕ ಬಂದು ನಿಂತಳು.

"ಬೇಜಾರಾಯ್ತಾ ಮೇಸ್ತ್ರಿ?"

ಹಳೆಯ ಅಭ್ಯಾಸ. ಬಾಯಿ ತಾನೇ ಕೇಳಿಬಿಟ್ಟಿತು.

"ಯಾರಿಗೆ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಿಗೆ ಅಂದ್ರೆ? ನಿಮಗೆ ಅಲ್ವಾ. ಇಲ್ಲಿ ಇನ್ಯಾರಿದ್ದಾರೆ?"

ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು. ಪೂರ್ತಿ ಬೂದಿಯಾಗುವವರೆಗೆ ನಿಂತಿದ್ದೆ.